ಬಾಗಿಲು ತೆರೆದಿಟ್ರೆ ಸಾಕಾ? (ಸಂಪಾದಕರ ಉತ್ತರ)

ನಮಸ್ಕಾರ ಮೇಡಂ,

ನಿಮ್ಮ ಪತ್ರ ಉದ್ದ ಉಂಟು, ಪೂರ್ತಿ ಹಾಕ್ಲಿಕ್ಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಗೊತ್ತಾಗುವಷ್ಟು ಸಾರ ಮಾತ್ರ ಹೇಳ್ತೇನೆ. ಮಲ್ಪೆ ಹತ್ತಿರದ ಒಂದು ಗ್ರಾಮ ಪಂಚಾಯತ್ ಲೈಬ್ರರಿ ನೋಡ್ಕೊಳ್ಳೋರು ನೀವು. ಮೀನಿನ ಬೋಟು ನಿಲ್ಲುವ ದಕ್ಕೆಯ ಕೆಲಸಕ್ಕೆ ಒಡಿಶಾ, ಆಂಧ್ರದಿಂದ ಬಂದವರು, ಕಟ್ಟಡ ಕೆಲಸಕ್ಕೆ ಕೊಪ್ಪಳ, ಗದಗ ಕಡೆಯಿಂದ ಬಂದವರು, ಬ್ಯಾರಿ ಮಾತಾಡುವ ಮುಸ್ಲಿಮರ ಮನೆಗಳು, ಕೊರಗ ಆದಿವಾಸಿಗಳ ಒಂದು ಕಾಲನಿ, ಎಲ್ಲ ನಿಮ್ಮ ಸುತ್ತಮುತ್ತಲೇ ಉಂಟು. ಆದ್ರೆ ಒಳಗೆ ಬಂದು ಕೂರೋದು ಪೇಪರ್ ಓದುವ ರಿಟೈರ್ಡ್ ಹಿರಿಯರು, ಮತ್ತೆ ಪಿಡಿಒ ಪರೀಕ್ಷೆಗೆ ಓದುವ ಹುಡುಗರು, ಅಷ್ಟೇ. ಲೈಬ್ರರಿ ಡಿಗ್ರಿ ಬಿ.ಲಿಬ್‌ನಲ್ಲಿ ಈ ವಿಷಯ ಯಾರೂ ಹೇಳಿಕೊಡಲಿಲ್ಲ, ನಾನಂತೂ ಎಲ್ಲರನ್ನೂ ಒಂದೇ ಥರ ನೋಡ್ತೇನೆ, ಅಷ್ಟು ಸಾಲದಾ, ಇದಕ್ಕೂ ಬೇರೆ ಟ್ರೈನಿಂಗ್ ಬೇಕಾ ಅಂತ ಕೇಳಿದ್ದೀರಿ.

ಬೇಕು ಮೇಡಂ. ಒಂದೇ ಥರ ನೋಡೋದು ದೊಡ್ಡ ಗುಣ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅದರ ಪ್ರಯೋಜನ ಒಳಗೆ ಬಂದವರಿಗೆ ಮಾತ್ರ. ನೀವೇ ಬರೆದದ್ದು ನೋಡಿ, ಕಾಲನಿಯ ಇಬ್ಬರು ಹುಡುಗರು ಶಾಲೆ ಬಿಟ್ಟು ಹೋಗುವಾಗ ಕಿಟಕಿ ಸರಳು ಹಿಡ್ಕೊಂಡು ಒಳಗೆ ತೂಗು ಹಾಕಿದ ಚಿತ್ರದ ಪುಸ್ತಕಗಳನ್ನು ನೋಡ್ತಾ ನಿಲ್ತಾರೆ, ನೀವು ಬನ್ನಿ ಮಕ್ಳೇ ಅಂದ ಕೂಡ್ಲೆ ಓಡ್ತಾರೆ, ನಾಚಿಕೆ ಇರ್ಬೇಕು ಅಂತ ಬರೆದಿದ್ದೀರಿ. ನಂಗೆ ನಾಚಿಕೆ ಅಂತ ಅನ್ನಿಸೋದಿಲ್ಲ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧ ಮಾಡಿ ನಮ್ಮ ರಾಜ್ಯದಲ್ಲಿ ಕಾನೂನು ಬಂದದ್ದೇ 2000ದಲ್ಲಿ, ಅಂದ್ರೆ ಆ ಮಕ್ಕಳ ಅಜ್ಜ ಅಜ್ಜಿ ಊರಿನವರ ಅಂಗಳದಾಚೆ ನಿಂತು ಅನ್ನ ಇಸ್ಕೊಂಡ ಕಾಲ ಇನ್ನೂ ಮನೆಯವರ ನೆನಪಲ್ಲಿ ಉಂಟು, ಊರಿನ ಒಂದು ಕಟ್ಟಡದ ಬಾಗಿಲು ತೆರೆದಿದೆ ಅಂದ್ರೆ ಅದು ನಮಗೂ ತೆರೆದಿದೆ ಅಂತ ಆ ಮಕ್ಕಳು ತಾವಾಗಿಯೇ ಹೇಗೆ ನಂಬಬೇಕು ಹೇಳಿ? ಇದು ಗೊತ್ತಿದ್ದ ಲೈಬ್ರೇರಿಯನ್ ಕುರ್ಚಿಯಿಂದಲೇ ಕರೆಯೋದಿಲ್ಲ, ಹತ್ತು ಪುಸ್ತಕ ಚೀಲಕ್ಕೆ ಹಾಕ್ಕೊಂಡು ಕಾಲನಿಗೇ ಹೋಗ್ತಾರೆ, ಅಲ್ಲಿಯ ಹಿರಿಯರ ಹತ್ರ, ಡಿಗ್ರಿ ಮಾಡಿದ ಹುಡುಗ ಹುಡುಗಿಯರ ಹತ್ರ ಕೂತು ಮಾತಾಡ್ತಾರೆ, ಮೊದಲ ಸಲ ಮಕ್ಕಳನ್ನು ಅವರ ಮನೆಯವರ ಜೊತೆಗೇ ಒಳಗೆ ಕರ್ಕೊಂಡು ಬರ್ತಾರೆ. ಒಳ್ಳೆ ಮನಸ್ಸು ಇದ್ದವರಿಗೆಲ್ಲ ಇದು ತಾನಾಗಿ ಹೊಳೀತದೆ ಅಂತ ಇಲ್ಲ, ಯಾರಾದ್ರೂ ಹೇಳಿಕೊಡ್ಬೇಕು, ನಾನು ಟ್ರೈನಿಂಗ್ ಅನ್ನೋದು ಅದಕ್ಕೇ.

ನಮ್ಮ ಕೋರ್ಸುಗಳಲ್ಲಿ ಇದಕ್ಕೆ ಬುಡ ಇಲ್ಲ ಅಂತಲ್ಲ. ನಮ್ಮ ದೇಶದ ಲೈಬ್ರರಿ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಹೆಸರು ನೀವು ಪರೀಕ್ಷೆಗೆ ಓದಿದ್ದೀರಿ, ಅವರು 1917ರಲ್ಲಿ ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಗವರ್ನಮೆಂಟ್ ಕಾಲೇಜಲ್ಲಿ, ಈಗ ಹಂಪನಕಟ್ಟೆಯಲ್ಲಿ ಯೂನಿವರ್ಸಿಟಿ ಕಾಲೇಜು ಅಂತ ಇರೋದು ಅದೇ. ಮುಂದೆ ಮದ್ರಾಸ್ ಯೂನಿವರ್ಸಿಟಿಯ ಲೈಬ್ರೇರಿಯನ್ ಆಗಿ 1931ರಲ್ಲಿ ಲೈಬ್ರರಿ ಹೇಗಿರ್ಬೇಕು ಅನ್ನುವ ಐದು ಸೂತ್ರಗಳ ಪುಸ್ತಕ ತಂದ್ರು, ಅದ್ರಲ್ಲಿ ಎರಡನೇದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಅಂತ. ಇದನ್ನು ಬಾಯಿಪಾಠ ಮಾಡಿಸ್ತಾರೆ, ಸರಿ, ಆದ್ರೆ ಆ ಪ್ರತಿಯೊಬ್ಬ ಅನ್ನೋರು ನಿಮ್ಮ ವಾರ್ಡಲ್ಲಿ ಯಾರ್ಯಾರು ಅಂತ ಸುತ್ತಾಡಿ ಬರ್ಕೊಂಡು ಬನ್ನಿ ಅಂತ ವಿದ್ಯಾರ್ಥಿಗಳನ್ನು ಹೊರಗೆ ಕಳಿಸ್ಬೇಕಲ್ಲ. ವಿಷಯ ನೋಡಿ ಪುಸ್ತಕಕ್ಕೆ ನಂಬರ್ ಹಾಕುವ ಕ್ಲಾಸಿಫಿಕೇಶನ್ ಪಾಠದಲ್ಲೂ ಹಾಗೇ. 1876ರಲ್ಲಿ ಅಮೆರಿಕದಲ್ಲಿ ಶುರುವಾದ ಡ್ಯೂಯಿ ಪದ್ಧತಿಯಲ್ಲಿ ಧರ್ಮಕ್ಕೆ 200ರ ಸಾಲು, ಅದ್ರಲ್ಲಿ 220ರಿಂದ 280ರವರೆಗೆ ಬೈಬಲ್, ಕ್ರೈಸ್ತ ಧರ್ಮಕ್ಕೇ ಆಯ್ತು, ಹಿಂದೂ, ಜೈನ, ಬೌದ್ಧ, ಇಸ್ಲಾಂ ಎಲ್ಲ ಸೇರಿ 290ರೊಳಗೆ. ನಂಬರ್ ಹಾಕ್ಲಿಕ್ಕೆ ಕಲಿಸುವಾಗಲೇ ಇದು ಯಾಕೆ ಹೀಗಾಯ್ತು ಅಂತ ಐದು ನಿಮಿಷ ಮಾತಾಡಿದ್ರೆ ಆ ವಿದ್ಯಾರ್ಥಿಯ ಕಣ್ಣಿಗೆ ತನ್ನ ಕಪಾಟೂ ಬೇರೆ ಥರ ಕಾಣ್ತದೆ.

ಕಪಾಟಿನ ಮಾತು ಬಂತಲ್ಲ, ರಿಜಿಸ್ಟರ್ ವಿಷಯವೂ ಹೇಳಿಬಿಡ್ತೇನೆ. ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಪುಸ್ತಕ ಹೆಚ್ಚಾಗಿ ಅಚ್ಚಾಗೋದು ಕನ್ನಡ ಲಿಪಿಯಲ್ಲಿ. ಲಿಪಿ ನೋಡಿ ಭಾಷೆ ಕಾಲಮ್ಮಿನಲ್ಲಿ ಕನ್ನಡ ಅಂತ ಬರೆದ್ರೆ ಆ ಪುಸ್ತಕದ ಕತೆ ಮುಗೀತು. ನಾನು ನೋಡಿದ ಒಂದು ಲೈಬ್ರರಿಯಲ್ಲಿ ಕೊಂಕಣಿ ಕತೆಗಳ ಪುಸ್ತಕ ಕನ್ನಡ ಕಾದಂಬರಿಗಳ ನಡುವೆ ಸಿಕ್ಕಿಹಾಕ್ಕೊಂಡಿತ್ತು, ಹಿಂದೆ ಅಂಟಿಸಿದ ಡೇಟ್ ಸ್ಲಿಪ್ಪಿನಲ್ಲಿ ಒಂದು ಸೀಲೂ ಇರಲಿಲ್ಲ, ಕನ್ನಡ ಓದುವವರು ತೆಗೆದು ನೋಡಿ ಹಾಗೇ ಇಟ್ಟಿರ್ತಾರೆ, ಕೊಂಕಣಿ ಓದುವವರಿಗೆ ಅದು ಅಲ್ಲಿ ಉಂಟು ಅಂತಲೇ ಗೊತ್ತಿಲ್ಲ. ತುಳು, ಕೊಂಕಣಿ ಸಾಹಿತ್ಯ ಅಕಾಡೆಮಿಗಳು 1994ರಿಂದ ಇವೆ, ಬ್ಯಾರಿ ಅಕಾಡೆಮಿ 2007ರಿಂದ, ಪುಸ್ತಕ ಇಲ್ಲ ಅನ್ನುವ ಹಾಗಿಲ್ಲ. ಭಾಷೆಗೊಂದು ಕಾಲಂ, ಲಿಪಿಗೊಂದು ಕಾಲಂ ಮಾಡಿ, ಒಂದು ಅಡ್ಡ ಹಲಗೆ ಬೇರೆ ಇಡಿ, ಅದಕ್ಕೆ ದುಡ್ಡು ಬೇಡ.

ಮತ್ತೆ ನಿಮ್ಮ ಮನೆಮಾತು ತುಳು, ಬ್ಯಾರಿ ಚೆನ್ನಾಗಿ ಅರ್ಥ ಆಗ್ತದೆ ಅಂತ ನೀವೇ ಬರೆದಿದ್ದೀರಿ. ಮಾರಾಯ್ರೆ, ಅದು ಎಷ್ಟು ದೊಡ್ಡ ಅರ್ಹತೆ! ಆದ್ರೆ ಕೆಲಸಕ್ಕೆ ತಗೊಳ್ಳುವಾಗ ಅದನ್ನು ಯಾರು ಕೇಳ್ತಾರೆ, ಕೌಂಟರಿನಲ್ಲಿ ಕೂತ ಕೂಡ್ಲೆ ನಮಗೆಲ್ಲ ಪುಸ್ತಕದ ಕನ್ನಡವೇ ಬಾಯಿಗೆ ಬರ್ತದೆ, ಗದಗದ ಮಗು ಕೂಡ ಅದನ್ನು ಕೇಳಿ ಸುಮ್ಮನಾಗ್ತದೆ, ಅದ್ರ ಮಾತಿಗೆ ಶಾಲೆಯಲ್ಲಿ ಈಗಾಗ್ಲೇ ಯಾರಾದ್ರೂ ನಕ್ಕಿರ್ತಾರೆ. ಲೈಬ್ರರಿಗಳ ಅಂತಾರಾಷ್ಟ್ರೀಯ ಒಕ್ಕೂಟ ಇಫ್ಲಾ 2006ರಲ್ಲಿ ಬಹುಸಂಸ್ಕೃತಿ ಲೈಬ್ರರಿಗಳ ಬಗ್ಗೆ ಒಂದು ಪ್ರಣಾಳಿಕೆ ಒಪ್ಪಿತು, 2009ರಲ್ಲಿ ಯುನೆಸ್ಕೋ ಕೂಡ ಅನುಮೋದಿಸಿತು, ಸಿಬ್ಬಂದಿಯಲ್ಲಿ ಊರಿನ ಭಾಷೆ, ಸಂಸ್ಕೃತಿಗಳೆಲ್ಲ ಕಾಣ್ಬೇಕು, ಅವರಿಗೆ ತರಬೇತಿ ಕೊಡ್ಬೇಕು ಅಂತ ಅದ್ರಲ್ಲಿ ಸ್ಪಷ್ಟವಾಗಿ ಉಂಟು. ಅಮೆರಿಕದ ಲೈಬ್ರರಿ ಅಸೋಸಿಯೇಷನ್ 1997ರಲ್ಲೇ ಸ್ಪೆಕ್ಟ್ರಮ್ ಅಂತ ಸ್ಕಾಲರ್‌ಶಿಪ್ ಶುರು ಮಾಡಿತು, ಈ ವೃತ್ತಿಯಲ್ಲಿ ಕಡಿಮೆ ಇರುವ ಸಮುದಾಯಗಳ ಮಕ್ಕಳು ಲೈಬ್ರೇರಿಯನ್ ಆಗ್ಲಿ ಅಂತ. ನಮ್ಮಲ್ಲೂ ಒಬ್ಬಳು ಕೊರಗ ಹುಡುಗಿ ಎಂ.ಲಿಬ್ ಮುಗಿಸಿ ಆ ಕುರ್ಚಿಯಲ್ಲಿ ಕೂರೋದನ್ನು ನೋಡುವ ಆಸೆ ನಂದು.

ಒಡಿಯಾ ಪುಸ್ತಕಕ್ಕೆ ಬಜೆಟ್ ಇಲ್ಲ ಅಂದಿದ್ದೀರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಒಡಿಯಾ, ತೆಲುಗು, ಕನ್ನಡದಲ್ಲಿ ಮಕ್ಕಳ ಕತೆಗಳು ಫ್ರೀ ಉಂಟು, ಪ್ರಿಂಟ್ ಹಾಕ್ಬಹುದು, ಒಂದೇ ಕತೆ ಎರಡು ಭಾಷೆಯಲ್ಲಿ ಅಕ್ಕಪಕ್ಕ ಇಟ್ರೆ ನಿಮ್ಮ ಊರಿನ ಮಕ್ಕಳೂ ಇಣುಕಿ ನೋಡ್ತಾರೆ. ಆದ್ರೆ ಸಮಯ ನೋಡಿ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ, ಹೊರಗಿನವರು ಹೆಚ್ಚಿನವರು ಊರಿಗೆ ಹೋಗಿರ್ತಾರೆ, ಆಗ ಬಲೆ ರಿಪೇರಿ ಮಾಡ್ಕೊಂಡು ಮನೆಯಲ್ಲೇ ಇರುವ ನಮ್ಮ ಮೀನುಗಾರರನ್ನು ಕರೀರಿ, ಆಗಸ್ಟಿನಿಂದ ದಕ್ಕೆ ಮಕ್ಕಳ ಕಡೆ ಗಮನ ಕೊಡಿ. 2020ರಲ್ಲಿ ಪಂಚಾಯತ್ ಲೈಬ್ರರಿಗಳಿಗೆ ಮಕ್ಕಳನ್ನು ಕರೆಯುವ ಓದುವ ಬೆಳಕು ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಉಚಿತ ಅಂತ ಮಾಡಿದ್ರಲ್ಲ, ಅದು ಬಾಡಿಗೆ ರೂಮಿನ ಮಕ್ಕಳಿಗೂ ಸಿಗ್ಬೇಕು, ವಿಳಾಸದ ಕಾಗದ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸ್ಬೇಡಿ, ಶಾಲೆಯ ಟೀಚರ್ ಹತ್ರ ಒಂದು ಚೀಟಿ ಬರೆಸ್ಕೊಳ್ಳಿ.

2019ರಿಂದ ನಿಮ್ಮ ಲೈಬ್ರರಿಗಳೆಲ್ಲ ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಹಾಗಾಗಿ ಕೇಳ್ಬೇಕಾದ್ದೂ ಅಲ್ಲೇ. ಮುಂದಿನ ಸಲ ಮೇಲ್ವಿಚಾರಕರ ತರಬೇತಿಗೆ ಕರೆದಾಗ ಅರ್ಧ ದಿನ ತರಬೇತಿ ಕೋಣೆಯಿಂದ ಹೊರಗೆ, ದಕ್ಕೆಗೆ, ಕಾಲನಿಗೆ ಕರ್ಕೊಂಡು ಹೋಗಿ, ಅಲ್ಲಿಯವರನ್ನೇ ಮಾತಾಡಿಸಿ ಅಂತ ಲಿಖಿತವಾಗಿ ಕೊಡಿ, ಅಕ್ಕಪಕ್ಕದ ಪಂಚಾಯತ್‌ನ ನಿಮ್ಮ ಜೊತೆಯವರ ಸಹಿಯೂ ಹಾಕ್ಸಿ. ಅದರ ಒಂದು ಪ್ರತಿ ನಮಗೂ ಕಳಿಸಿ, ಖಂಡಿತ ಪ್ರಕಟಿಸ್ತೇವೆ.

- ಸಂಪಾದಕ