ಕೊನೆಯ 200 ಮೀಟರಿನಲ್ಲಿ ಗಂಟಲು ಗೊರಗುಟ್ಟಿ ನಿಂತುಬಿಡುವ ಕುದುರೆ ಸೋಮಾರಿಯೇ?

ನಿಮ್ಮ ಪ್ರಶ್ನೆ ಓದಿದಾಗಿನಿಂದ ಮನಸ್ಸಿನಲ್ಲೇ ಕೊರೆಯುತ್ತಿದೆ. ಮೂವರು ಗೆಳೆಯರು ಸೇರಿ ಬೆಂಗಳೂರಿನಲ್ಲಿ ಒಂದು ರೇಸ್ ಕುದುರೆ ಕೊಂಡಿದ್ದೀರಿ. ನಾಲ್ಕು ವರ್ಷದ ಗಂಡು. 1400 ಮೀಟರ್ ರೇಸಿನಲ್ಲಿ 1200ರ ತನಕ ಮುಂದೆಯೇ ಇರುತ್ತದೆ. ಆಮೇಲೆ ಗಂಟಲಲ್ಲಿ ಗೊರಗೊರ ಸದ್ದು ಬಂದು, ಇದ್ದಕ್ಕಿದ್ದಂತೆ ಸೋತುಬಿಡುತ್ತದೆ. ಒಬ್ಬರು ಗಂಟಲಿನ ಆಪರೇಷನ್ ಮಾಡಿಸಿ ಅಂತಾರೆ, ಇನ್ನೊಬ್ಬರು ಕುದುರೆಯೇ ಸೋಮಾರಿ ಅಂತಾರೆ. ನಾಲಿಗೆ ಕಟ್ಟಿ ಓಡಿಸುವುದು ಹಿಂಸೆ ಅಲ್ವಾ ಅಂತಲೂ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹದಿನಾಲ್ಕು ವರ್ಷ ರೇಸ್ ಕುದುರೆಗಳ ಲಾಯದಲ್ಲಿ ಕೆಲಸ ಮಾಡಿದವನು. ಮೊದಲ ಎಂಟು ವರ್ಷ ಬೆಳಗಿನ ಟ್ರ್ಯಾಕ್ ವರ್ಕಿಗೆ, ಅಂದರೆ ಅಭ್ಯಾಸದ ಓಟಕ್ಕೆ, ಕುದುರೆ ಹತ್ತುತ್ತಿದ್ದೆ. ಆಮೇಲೆ ಒಬ್ಬ ಕುದುರೆ ಡಾಕ್ಟರಿಗೆ ಸಹಾಯಕನಾದೆ. ಸ್ಕೋಪ್, ಅಂದರೆ ಗಂಟಲು ನೋಡುವ ಕ್ಯಾಮೆರಾ ನಳಿಕೆ, ಹಾಕುವಾಗ ಕುದುರೆಯ ತಲೆ ಹಿಡಿದು ನಿಂತು ನೂರಾರು ಗಂಟಲು ನೋಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ಸೋಮಾರಿ ಅನ್ನುವ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ. 1200 ಮೀಟರ್ ಮುಂದೆ ಓಡಿದ ಪ್ರಾಣಿಗೆ 1201ನೇ ಮೀಟರಿನಲ್ಲಿ ಸೋಮಾರಿತನ ಹುಟ್ಟುವುದಿಲ್ಲ. ನೀವು ಬರೆದಿರುವುದು ಉಸಿರು ಕಟ್ಟಿದ ಕುದುರೆಯ ಲಕ್ಷಣ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಕುದುರೆ ಬಾಯಿಂದ ಉಸಿರಾಡುವುದಿಲ್ಲ. ನಮಗೆ ಏದುಸಿರು ಬಂದರೆ ಬಾಯಿ ತೆರೆಯುತ್ತೇವೆ, ನಾಯಿಯೂ ತೆರೆಯುತ್ತದೆ. ಕುದುರೆಗೆ ಆ ದಾರಿಯಿಲ್ಲ, ಮೂಗೊಂದೇ ಗತಿ. ಅದರ ಬಾಯಿಯ ಮೇಲ್ಭಾಗದಲ್ಲಿ, ಹಿಂದೆ ಉದ್ದಕ್ಕೆ ಇಳಿದಿರುವ ಮೆತ್ತನೆಯ ಅಂಗುಳು ಇದೆ. ಅದರ ತುದಿ ಶ್ವಾಸನಾಳದ ಬಾಯಿಯ ಸುತ್ತ, ಎಪಿಗ್ಲಾಟಿಸ್ ಅನ್ನುವ ಎಲೆಯಾಕಾರದ ಮುಚ್ಚಳದ ಕೆಳಗೆ, ಗಟ್ಟಿಯಾಗಿ ಕೂತಿರುತ್ತದೆ. ಪೈಪಿಗೆ ವಾಷರ್ ಕೂತ ಹಾಗೆ. ಹೀಗಾಗಿ ಮೂಗಿನ ಗಾಳಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಬಾಯಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಏನಾದರೂ ನುಂಗುವಾಗ ಮಾತ್ರ ಈ ಬಿಗಿ ಒಂದು ಕ್ಷಣ ಬಿಡುತ್ತದೆ.

ಇನ್ನು ಓಟದ ಲೆಕ್ಕ. ಸುಮ್ನೆ ನಿಂತಿರುವ ಕುದುರೆ ನಿಮಿಷಕ್ಕೆ ಹತ್ತು ಹದಿನೈದು ಸಲ ಉಸಿರಾಡುತ್ತದೆ. ಗ್ಯಾಲಪ್‌ನಲ್ಲಿ, ಅಂದರೆ ನಾಗಾಲೋಟದಲ್ಲಿ, ಅದು 130ರ ಆಚೆ ಹೋಗುತ್ತದೆ. ಒಂದು ಹೆಜ್ಜೆಗೆ ಒಂದೇ ಉಸಿರು. ಮುಂಗಾಲು ನೆಲಕ್ಕೆ ತಾಗುವಾಗ ಉಸಿರು ಹೊರಗೆ, ಮೈ ನೆಲ ಬಿಟ್ಟು ಏಳುವಾಗ ಒಳಗೆ. ಓಟದ ಒಂದು ಹೆಜ್ಜೆಯನ್ನು ಸುಮಾರು ಏಳು ಮೀಟರ್ ಅಂತ ಹಿಡಿದರೆ, 1400 ಮೀಟರಿಗೆ ಸಿಗುವುದು 200 ಉಸಿರು ಮಾತ್ರ. ಆದರೆ ನಿಮಿಷಕ್ಕೆ ಒಳಗೆ ಹೊರಗೆ ಓಡಾಡುವ ಗಾಳಿ 1500 ಲೀಟರಿಗೂ ಜಾಸ್ತಿ. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದೆಯಲ್ಲ, ಅಂಥದ್ದು ಒಂದೂವರೆ. ಅಷ್ಟು ಗಾಳಿ ಹೋಗುವ ದಾರಿ ಸ್ವಲ್ಪ ಕಿರಿದಾದರೂ ಕಾಲು ಸೋಲುತ್ತದೆ.

ಈಗ ನಿಮ್ಮ ಕುದುರೆಯ ಗೊರಗೊರ. ಹೆಚ್ಚಾಗಿ ಇದು ಅಂಗುಳು ಜಾರಿದ್ದರ ಸದ್ದು. ರೇಸಿನ ಕೊನೆಯಲ್ಲಿ ದಣಿದಾಗ, ಅಥವಾ ಓಡುತ್ತಲೇ ಒಮ್ಮೆ ನುಂಗಿದಾಗ, ಆ ಅಂಗುಳಿನ ತುದಿ ಮುಚ್ಚಳದ ಮೇಲಕ್ಕೆ ಬಂದುಬಿಡುತ್ತದೆ. ಹೊರಗೆ ಬರುವ ಉಸಿರು ಅದಕ್ಕೆ ಬಡಿದು, ಒದ್ದೆ ಬಟ್ಟೆ ಗಾಳಿಗೆ ಪಟಪಟ ಅಂದ ಹಾಗೆ ಅದುರುತ್ತದೆ. ಮೇಲೆ ಕೂತವನಿಗೆ ಇದು ತಕ್ಷಣ ಗೊತ್ತಾಗುತ್ತದೆ. ಹೊತ್ತೊಯ್ಯುತ್ತಿದ್ದ ಬಲ ಒಂದೆರಡು ಹೆಜ್ಜೆಯಲ್ಲಿ ಕಾಲಡಿಯಿಂದ ಮಾಯವಾಗುತ್ತದೆ. ಲಗಾಮು ಹಿಡಿದು ನಿಧಾನ ಮಾಡಿದರೆ ಕುದುರೆ ಒಮ್ಮೆ ನುಂಗುತ್ತದೆ, ಅಂಗುಳು ಜಾಗಕ್ಕೆ ಬರುತ್ತದೆ, ಸದ್ದು ನಿಲ್ಲುತ್ತದೆ. ವಾಪಸ್ ಬರುವಾಗ ಏನೂ ಆಗಿಲ್ಲ ಅನ್ನುವಂತೆ ಇರುತ್ತದೆ. ಈ ಕಾಯಿಲೆಯ ಕುದುರೆಗಳಿಗೆ ಕೆಟ್ಟ ಹೆಸರು ಬರುವುದೇ ಇದರಿಂದ.

ಇನ್ನೊಂದು ಬೇರೆಯೇ ಕಾಯಿಲೆ. ಅದನ್ನು ರೋರಿಂಗ್ ಅನ್ನುತ್ತಾರೆ. ಅದರ ಸದ್ದು ಉಸಿರು ಒಳಗೆ ಎಳೆಯುವಾಗ ಬರುತ್ತದೆ. ಮೊದಲು ಸಿಳ್ಳೆಯಂತೆ, ವೇಗ ಏರಿದ ಹಾಗೆ ಗರಗಸ ಎಳೆದಂತೆ. ಗಂಟಲಿನ ಎರಡೂ ಕಡೆ ಬಾಗಿಲಿನಂಥ ಮೆತ್ತನೆಯ ಎಲುಬುಗಳಿವೆ, ಓಡುವಾಗ ಅವು ಪೂರ್ತಿ ತೆರೆಯಬೇಕು. ರೋರರ್ ಕುದುರೆಯಲ್ಲಿ ಒಂದು ಬಾಗಿಲು ತೆರೆಯುವುದಿಲ್ಲ. ಹೆಚ್ಚೂಕಡಿಮೆ ಯಾವಾಗಲೂ ಎಡಗಡೆಯದ್ದೇ. ಕಾರಣ ನರದ ದಾರಿ. ಎಡಗಡೆಯ ಆ ನರ ಮಿದುಳಿನಿಂದ ಹೊರಟು ಕುತ್ತಿಗೆ ದಾಟಿ ಎದೆಗೂಡಿಗೆ ಇಳಿಯುತ್ತದೆ. ಹೃದಯದ ದೊಡ್ಡ ರಕ್ತನಾಳವನ್ನು ಸುತ್ತಿ ಮತ್ತೆ ಗಂಟಲಿಗೆ ಏರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಇಷ್ಟು ಉದ್ದದ ನರ ತುದಿಯಿಂದ ಸೊರಗುತ್ತಾ ಬರುತ್ತದೆ, ಅದು ಎಳೆಯಬೇಕಾದ ಸ್ನಾಯು ಕರಗುತ್ತದೆ. ಎತ್ತರದ, ಉದ್ದ ಕುತ್ತಿಗೆಯ ಕುದುರೆಗಳಲ್ಲಿ ಇದು ಜಾಸ್ತಿ.

ರೋರರ್ ಅಂದರೆ ಕೈಲಾಗದ ಕುದುರೆ ಅಂತ ಯಾರಾದರೂ ಅಂದರೆ ನನಗೆ ಆರ್ಮಂಡ್ ನೆನಪಾಗುತ್ತದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕುದುರೆ. 1886ರಲ್ಲಿ ಡರ್ಬಿ ಸೇರಿ ಅಲ್ಲಿನ ಮೂರು ದೊಡ್ಡ ರೇಸುಗಳನ್ನೂ ಗೆದ್ದಿತು. ಅದೇ ವರ್ಷ ಗಂಟಲಿನ ಸದ್ದು ಶುರುವಾಯಿತು. ಆದರೂ 1887ರಲ್ಲಿ ಓಡಿತು, ಗೆದ್ದಿತು. ಒಟ್ಟು 16 ರೇಸು, ಒಂದರಲ್ಲೂ ಸೋಲಿಲ್ಲ. ಈ ದೋಷ ಮರಿಗಳಿಗೂ ಹರಡೀತು ಅನ್ನುವ ಭಯದಿಂದ ಒಡೆಯ ಅದನ್ನು ಅರ್ಜೆಂಟೀನಾಕ್ಕೆ ಮಾರಿದರು. ಅದರ ಮೊಮ್ಮಗ ಫ್ಲೈಯಿಂಗ್ ಫಾಕ್ಸ್ 1899ರಲ್ಲಿ ಅವೇ ಮೂರು ರೇಸು ಗೆದ್ದಿತು.

ಹಾಗಾಗಿ ನಿಮ್ಮ ಮೊದಲ ಕೆಲಸ ಕಿವಿಗೊಟ್ಟು ಕೇಳುವುದು. ಬೆಳಗ್ಗೆ ಗ್ಯಾಲಪ್ ಕೊಡುವ ದಿನ ರೇಲಿಂಗ್ ಪಕ್ಕ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿ. ಸದ್ದು ಮುಂಗಾಲು ತಾಗುವಾಗ ಬರುತ್ತಿದೆಯೋ, ಮೈ ಏಳುವಾಗಲೋ? ಮೊದಲಿನಿಂದ ಏರುತ್ತಾ ಬಂತೋ, ತಟ್ಟನೆ ಬಂತೋ? ಟ್ರ್ಯಾಕ್ ವರ್ಕಿಗೆ ಹತ್ತುವ ಹುಡುಗನನ್ನೂ ಕೇಳಿ. ಮಾಲೀಕರು ಅವನನ್ನು ಕೇಳುವುದೇ ಇಲ್ಲ, ಎಲ್ಲರಿಗಿಂತ ಹತ್ತಿರದಿಂದ ಆ ಸದ್ದು ಕೇಳುವವನು ಅವನೇ. ಒಂದು ಎಚ್ಚರ: ಗ್ಯಾಲಪ್ ಶುರುವಿನಲ್ಲಿ ಮೂಗಿನ ಹೊಳ್ಳೆ ಫುರ್ ಫುರ್ ಅನ್ನುವುದು ಸಹಜ. ಅದು ಹೊಳ್ಳೆಯ ಚರ್ಮ ಅದುರುವ ಸದ್ದು. ಅದಕ್ಕೆ ಹೆದರಬೇಡಿ.

ಆಮೇಲೆ ಸ್ಕೋಪ್. ಮೂಗಿನಿಂದ ಕ್ಯಾಮೆರಾ ಇರುವ ತೆಳ್ಳನೆಯ ನಳಿಕೆ ಬಿಟ್ಟು ಗಂಟಲು ನೋಡುತ್ತಾರೆ. ಮಂಪರು ಬರಿಸುವ ಇಂಜೆಕ್ಷನ್ ಕೊಡದೆ ನೋಡಿದರೆ ಒಳ್ಳೆಯದು, ಆ ಔಷಧಿಗೆ ಗಂಟಲಿನ ಸ್ನಾಯು ಸಡಿಲವಾಗಿ ತಪ್ಪು ಚಿತ್ರ ಕಾಣಬಹುದು. ರೋರಿಂಗ್ ಜೋರಾಗಿದ್ದರೆ ನಿಂತಿರುವಾಗಲೇ ಗೊತ್ತಾಗುತ್ತದೆ. ಆದರೆ ಅಂಗುಳು ಜಾರುವ ಕುದುರೆಯ ಗಂಟಲು ನಿಂತಿರುವಾಗ ಪೂರ್ತಿ ಚೆನ್ನಾಗಿ ಕಾಣಬಹುದು. ಅದಕ್ಕೆ ಓಡುವಾಗಲೇ ನೋಡುವ ಸ್ಕೋಪ್ ಇದೆ. ನಳಿಕೆಯನ್ನು ತಲೆಪಟ್ಟಿಗೆ ಕಟ್ಟಿ, ಬ್ಯಾಟರಿ ಪೆಟ್ಟಿಗೆಯನ್ನು ಜೀನಿನ ಕೆಳಗಿನ ಬಟ್ಟೆಗೆ ಸಿಕ್ಕಿಸಿ ಗ್ಯಾಲಪ್ ಮಾಡಿಸುತ್ತಾರೆ. ಇದನ್ನು ಮಾಡಿಸದೆ ಕತ್ತಿಗೆ ಒಪ್ಪಬೇಡಿ.

ಈ ಮಾತು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾನು ಹತ್ತುತ್ತಿದ್ದ ಒಂದು ಕೆಂಚು ಬಣ್ಣದ ಹೆಣ್ಣು ಕುದುರೆಗೆ ಇದೇ ಆಗಿತ್ತು. ನಿಮ್ಮದರ ಹಾಗೆಯೇ ಕೊನೆಗೆ ನಿಲ್ಲುತ್ತಿತ್ತು. ನಿಂತಲ್ಲೇ ಸ್ಕೋಪ್ ಹಾಕಿದರು, ಗಂಟಲು ಕ್ಲೀನ್ ಅಂದರು. ಹಾಗಾದರೆ ಬುದ್ಧಿಯೇ ಸರಿಯಿಲ್ಲ ಅಂತ ತೀರ್ಮಾನವಾಯಿತು. ಬೆಳಗ್ಗೆ ನಿಲ್ಲಲು ಬಂದರೆ ಚಾಟಿ ಕೊಡು ಅಂದರು, ಕೊಟ್ಟೆ. ಒಂದು ಪೂರ್ತಿ ಸೀಸನ್ ಕೊಟ್ಟೆ. ಮುಂದಿನ ವರ್ಷ ಬೇರೆ ಡಾಕ್ಟರ್ ಬಂದು ಓಡುವಾಗ ಸ್ಕೋಪ್ ಹಾಕಿಸಿದರು. ಪರದೆಯ ಮೇಲೆ ಆ ಅಂಗುಳು ಮೇಲೇರಿ ಗಾಳಿಯ ದಾರಿಗೆ ಅಡ್ಡ ಬೀಳುವುದನ್ನು ನನ್ನ ಕಣ್ಣಾರೆ ನೋಡಿದೆ. ಅದೇ ಕ್ಷಣದಲ್ಲಿ ಅಲ್ವಾ ನಾನು ಹೊಡೆಯುತ್ತಿದ್ದದ್ದು! ಆ ಹೊತ್ತು ಲಾಯಕ್ಕೆ ಹೋಗಿ ಅದರ ಕುತ್ತಿಗೆ ಸವರುತ್ತಾ ಬಹಳ ಹೊತ್ತು ನಿಂತಿದ್ದೆ. ನಾನು ಡಾಕ್ಟರ ಕಡೆಗೆ ಬಂದದ್ದೇ ಆ ಕುದುರೆಯಿಂದ.

ಅದಕ್ಕೆ ಆಪರೇಷನ್ ಬೇಕಾಗಲಿಲ್ಲ. ಕೆಮ್ಮು ಬಂದು ವಾಸಿಯಾದ ಮೇಲೆ ಪೂರ್ತಿ ಮೈಕಟ್ಟು ಬರುವ ಮೊದಲೇ ರೇಸಿಗೆ ಇಳಿಸಿದ್ದರು. ಎರಡು ತಿಂಗಳು ನಿಧಾನಕ್ಕೆ ಕಸುವು ಕೂಡಿಸಿ, ಬಾಯಿ ತೆರೆಯದಂತೆ ಮೂಗಿನ ಮೇಲೆ ಅಡ್ಡಡ್ಡ ಬರುವ ಪಟ್ಟಿ ಹಾಕಿದೆವು. ಮುಕ್ಕಾಲು ಪಾಲು ಸರಿಹೋಯಿತು. ನಿಮ್ಮದಕ್ಕೂ ಮೊದಲು ಇದನ್ನೇ ನೋಡಿ. ಎರಡು ಮೂರು ವರ್ಷದ ಮರಿಗಳಾದರೆ ಗಂಟಲಲ್ಲಿ ಗುಳ್ಳೆ ಗುಳ್ಳೆಯಾಗಿ ಊದಿರುವುದು ಸಾಮಾನ್ಯ, ವಯಸ್ಸಾದಂತೆ ಇಳಿಯುತ್ತದೆ. ನಿಮ್ಮದಕ್ಕೆ ನಾಲ್ಕು ವರ್ಷ, ಹಾಗಾಗಿ ಆ ನೆಪ ಸಾಲದು.

ನಾಲಿಗೆ ಕಟ್ಟುವ ಬಗ್ಗೆ. ಬಟ್ಟೆ ಅಥವಾ ಎಲಾಸ್ಟಿಕ್ ಪಟ್ಟಿಯಿಂದ ನಾಲಿಗೆಯನ್ನು ಕೆಳದವಡೆಗೆ ಕಟ್ಟುತ್ತಾರೆ. ಬಾಯಿಂದ ಉಸಿರಾಡಲಿ ಅಂತ ಅಲ್ಲ, ಅದು ಆಗದ ಮಾತು. ನಾಲಿಗೆ ಹಿಂದಕ್ಕೆ ಸರಿದರೆ ಅಂಗುಳನ್ನು ಮೇಲಕ್ಕೆ ತಳ್ಳುತ್ತದೆ, ಅದನ್ನು ತಡೆಯಲಿ ಅಂತ. ಕೆಲವಕ್ಕೆ ಉಪಯೋಗವಾಗುತ್ತದೆ, ಹಲವಕ್ಕೆ ಏನೂ ವ್ಯತ್ಯಾಸ ಆಗುವುದಿಲ್ಲ. ಜರ್ಮನಿಯ ರೇಸುಗಳಲ್ಲಿ ಇದನ್ನು ನಿಷೇಧಿಸಿದ್ದಾರೆ. ನನ್ನ ಅಭಿಪ್ರಾಯ: ಓಡುವಾಗಿನ ಸ್ಕೋಪ್‌ನಲ್ಲಿ ಪ್ರಯೋಜನ ಕಂಡರೆ ಮಾತ್ರ ಕಟ್ಟಿ, ಓಟ ಮುಗಿದ ತಕ್ಷಣ ಬಿಚ್ಚಿ. ಎಲ್ಲರೂ ಕಟ್ಟುತ್ತಾರೆ ಅಂತ ಕಟ್ಟುವುದು ತಪ್ಪು. ನಾಲಿಗೆ ನೀಲಿಯಾದದ್ದನ್ನು ನಾನು ನೋಡಿದ್ದೇನೆ.

ಇದ್ಯಾವುದಕ್ಕೂ ಬಗ್ಗದಿದ್ದರೆ ಆಪರೇಷನ್. ಅಂಗುಳು ಜಾರುವುದಕ್ಕೆ ಧ್ವನಿಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ದಾರದಿಂದ ಕಟ್ಟುತ್ತಾರೆ. ರೋರಿಂಗ್‌ಗೆ ತೆರೆಯದ ಬಾಗಿಲನ್ನು ಹಿಂದಕ್ಕೆ ಎಳೆದು ಶಾಶ್ವತವಾಗಿ ತೆರೆದೇ ಇರುವಂತೆ ಕಟ್ಟುತ್ತಾರೆ. ಎರಡೂ ಒಂದೇ ಅಲ್ಲ, ಯಾವುದು ಅಂತ ಟ್ರೇನರನ್ನು ಬಾಯಿಬಿಟ್ಟು ಕೇಳಿ. ಎರಡನೆಯದರಲ್ಲಿ ಒಂದು ಕಷ್ಟ ಇದೆ. ಬಾಗಿಲು ಮುಚ್ಚುವುದೇ ಇಲ್ಲವಾದ್ದರಿಂದ ಮೇವಿನ ಚೂರು ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರಬಹುದು. ದಾರ ಸಡಿಲವಾಗುವುದೂ ಉಂಟು. ಸರ್ಜನ್ ಇಂಥವನ್ನು ಎಷ್ಟು ಮಾಡಿದ್ದಾರೆ, ಅವುಗಳಲ್ಲಿ ಎಷ್ಟು ಮತ್ತೆ ಗೆದ್ದವು ಅಂತ ಕೇಳಲು ಸಂಕೋಚ ಬೇಡ.

ಮೂಗಿನಲ್ಲಿ ರಕ್ತ ಬರುತ್ತದೆಯೇ ಅಂತ ನೀವು ಬರೆದಿಲ್ಲ. ಅದೂ ಒಂದು ಕಾರಣ ಇರಬಹುದು. ಜೋರು ಓಟದ ಒತ್ತಡಕ್ಕೆ ಶ್ವಾಸಕೋಶದ ಸಣ್ಣ ರಕ್ತನಾಳ ಒಡೆಯುತ್ತವೆ. ಹೆಚ್ಚಿನ ಸಲ ರಕ್ತ ಹೊರಗೆ ಬರುವುದೇ ಇಲ್ಲ. ಓಟ ಮುಗಿದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಸ್ಕೋಪ್ ಹಾಕಿದರೆ ಶ್ವಾಸನಾಳದಲ್ಲಿ ಕಾಣುತ್ತದೆ. ಅದನ್ನೂ ಒಮ್ಮೆ ನೋಡಿಸಿ.

ಲಾಯಕ್ಕೂ ಹೋಗಿ ನೋಡಿ. ಒಣಹುಲ್ಲಿನ ಧೂಳು ಗಂಟಲಿಗೂ ಶ್ವಾಸಕೋಶಕ್ಕೂ ದೊಡ್ಡ ಶತ್ರು. ಹುಲ್ಲನ್ನು ನೀರಲ್ಲಿ ನೆನೆಸಿ ಕೊಡಲಿ. ಎತ್ತರದ ಬಲೆಯಲ್ಲಿ ಬೇಡ, ನೆಲದ ಮೇಲೆ ಹಾಕಲಿ. ತಲೆ ತಗ್ಗಿಸಿ ತಿಂದರೆ ಕಫ ತಾನಾಗಿ ಇಳಿಯುತ್ತದೆ. ಕುದುರೆ ಒಳಗಿರುವಾಗ ಕಸ ಗುಡಿಸಬಾರದು. ಹೈದರಾಬಾದಿಗೋ ಮುಂಬೈಗೋ ಗಾಡಿಯಲ್ಲಿ ಕಳಿಸುವಾಗ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿ ಗಂಟೆಗಟ್ಟಲೆ ಬಿಡಬಾರದು, ದಾರಿಯಲ್ಲಿ ನಿಲ್ಲಿಸಿ ತಲೆ ಇಳಿಸಲು ಬಿಡಬೇಕು. ಕುದುರೆ ನೋಡಿಕೊಳ್ಳುವ ಸೈಸ್‌ಗೆ ಇದನ್ನು ಪ್ರೀತಿಯಿಂದ ಹೇಳಿ, ಮಾಡುತ್ತಾನೆ.

ಎಲ್ಲ ಮಾಡಿಯೂ ಸರಿಹೋಗದಿದ್ದರೆ ಏನು ಅಂತ ನೀವು ಕೊನೆಯಲ್ಲಿ ಕೇಳಿದ್ದೀರಿ. ನಿಧಾನದ ಓಟಕ್ಕೆ ಅಷ್ಟು ಗಾಳಿ ಬೇಡ. ರೇಸಿನಲ್ಲಿ ಉಸಿರು ಕಟ್ಟುವ ಎಷ್ಟೋ ಕುದುರೆಗಳು ರೈಡಿಂಗ್ ಶಾಲೆಯಲ್ಲಿ ಮಕ್ಕಳನ್ನು ಹೊತ್ತು ಹಾಯಾಗಿರುತ್ತವೆ. ಕೊಡುವ ಮುಂಚೆ ಜಾಗ ನೀವೇ ಹೋಗಿ ನೋಡಿ, ಸ್ಕೋಪ್ ವರದಿಯನ್ನೂ ಜೊತೆಗೆ ಕೊಡಿ. ಅಲ್ಲಿಯವರಿಗೂ ಇದು ಸೋಮಾರಿ ಅಲ್ಲ ಅಂತ ಗೊತ್ತಿರಲಿ.