ಹೊಸನಗರದ ಹಳ್ಳಿಯಲ್ಲಿ ಯೂಸ್‌ನೆಟ್ ಓದಲು ಯಾವ ನ್ಯೂಸ್‌ರೀಡರ್ ಒಳ್ಳೆಯದು?

ಯೂಸ್‌ನೆಟ್ ಎಂದರೆ ವಿಷಯಕ್ಕೊಂದು ಗುಂಪು (ನ್ಯೂಸ್‌ಗ್ರೂಪ್) ಇರುವ ಹಳೆಯ ಚರ್ಚಾ ಜಾಲ; ಅದನ್ನು ಓದುವ ತಂತ್ರಾಂಶವೇ ನ್ಯೂಸ್‌ರೀಡರ್. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಆಗಾಗ ಹೋಗುತ್ತವೆ ಎಂದಿದ್ದೀರಿ. ಹಾಗಾದರೆ ಮೊದಲು ನೋಡಬೇಕಾದದ್ದು ಇದು: ನೆಟ್ ಇದ್ದಾಗ ಬರಹಗಳನ್ನು ಇಳಿಸಿಟ್ಟು, ಹೋದಾಗ ಓದಲು ಆಗುತ್ತದೆಯೇ?

ನಾನು ಥಂಡರ್‌ಬರ್ಡ್ ಎನ್ನುತ್ತೇನೆ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಇಮೇಲ್ ಜೊತೆಗೇ ನ್ಯೂಸ್‌ಗ್ರೂಪ್ ಖಾತೆ ಸೇರಿಸಬಹುದು. ಬೇಕಾದ ಗುಂಪಿನ ಪ್ರಾಪರ್ಟೀಸ್‌ಗೆ ಹೋಗಿ ಆಫ್‌ಲೈನ್ ಆಯ್ಕೆ ಹಾಕಿ. ಬೆಳಗ್ಗೆ ನೆಟ್ ಸಿಕ್ಕಾಗ ಇಳಿಸಿಕೊಂಡರೆ, ಸಂಜೆ ಜಡಿಮಳೆಯಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಆರಾಮಾಗಿ ಓದಬಹುದು, ಅಲ್ವಾ? ಉತ್ತರವನ್ನೂ ಬರೆದಿಟ್ಟು ಆಮೇಲೆ ಕಳಿಸಬಹುದು. ಬರೀ ಅಕ್ಷರವಾದ್ದರಿಂದ ಡೇಟಾ ಜಾಸ್ತಿ ಖರ್ಚಾಗುವುದಿಲ್ಲ.

ಲಿನಕ್ಸ್‌ನಲ್ಲಿ ಪ್ಯಾನ್ ಕೂಡ ಚೆನ್ನಾಗಿದೆ. ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರ ಕಾಣುವ ಕಿಟಕಿಯಲ್ಲಿ, ನಡೆಯುವ ಎಸ್‌ಎಲ್‌ಆರ್‌ಎನ್ (slrn) ತುಂಬ ಹಗುರ, ಹಳೆಯ ಕಂಪ್ಯೂಟರಿಗೂ ಸಾಕು. ಆದರೆ ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ. ನನಗೆ ಅದು ಸಣ್ಣ ವಿಷಯ ಅಲ್ಲ.

ಸುಮ್ನೆ ನ್ಯೂಸ್‌ರೀಡರ್ ಹಾಕಿಕೊಂಡರೆ ಸಾಲದು, ಬರಹಗಳನ್ನು ಕೊಡುವ ಸರ್ವರಿನಲ್ಲಿ ಖಾತೆಯೂ ಬೇಕು. ಮೊದಲು ಬ್ರೌಸರಿನಲ್ಲೇ ಓದಬಹುದಾಗಿದ್ದ ಗೂಗಲ್ ಗ್ರೂಪ್ಸ್‌ನಲ್ಲಿ 2024ರ ಫೆಬ್ರವರಿಯಿಂದ ಯೂಸ್‌ನೆಟ್‌ನ ಹೊಸ ಬರಹ ಬರುತ್ತಿಲ್ಲ. ಎಟರ್ನಲ್ ಸೆಪ್ಟೆಂಬರ್ ಸರ್ವರಿನಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ. ಅಲ್ಲಿ ಬರೀ ಬರಹದ ಗುಂಪುಗಳು ಮಾತ್ರ ಸಿಗುತ್ತವೆ, ಫೈಲ್ ಹಂಚುವ ಗುಂಪುಗಳಲ್ಲ. ನ್ಯೂಸ್‌ರೀಡರಿನ ಸರ್ವರ್ ಸೆಟ್ಟಿಂಗ್‌ನಲ್ಲಿ ಪೋರ್ಟ್ 563 ಹಾಕಿ, ಎಸ್‌ಎಸ್‌ಎಲ್ (ಕಳಿಸುವುದನ್ನು ಗುಪ್ತವಾಗಿಡುವ ವ್ಯವಸ್ಥೆ) ಆನ್ ಮಾಡಿ. ಹಳೆಯ ಪೋರ್ಟ್ 119ರಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ.