ಓದುಗರ ಪ್ರಶ್ನೆ, ನಮ್ಮ ಉತ್ತರ: ಸಂಘದ ಕೆಲಸವನ್ನೇ ವೃತ್ತಿಯಾಗಿ ಹಿಡಿಯಬಹುದೇ?

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್ ಆಗಿದ್ದೇನೆ. ಓದಿರುವುದು ಪಿಯುಸಿ. ಕಳೆದ ವರ್ಷ ನಮ್ಮ ಬ್ಯಾಚಿನ ಹೆಂಗಸರಿಗೆ ಎರಡು ತಿಂಗಳ ಓವರ್‌ಟೈಮ್ ಹಣ ಬಂದಿರಲಿಲ್ಲ. ಎಲ್ಲರ ಪೇ ಸ್ಲಿಪ್ ಕೂಡಿಸಿ, ಸಂಘದವರ ನೆರವಿನಿಂದ ಮನವಿ ಬರೆದುಕೊಟ್ಟ ಮೇಲೆ ಹಣ ಬಂತು. ಅಂದಿನಿಂದ ಯಾರಿಗೆ ಏನೇ ತೊಂದರೆಯಾದರೂ ನನ್ನ ಬಳಿ ಬರುತ್ತಾರೆ. ಈಗ ಸಂಘದವರು ಕೆಲಸ ಬಿಟ್ಟು ಪೂರ್ಣಾವಧಿ ಕಾರ್ಯಕರ್ತೆಯಾಗಿ ಬನ್ನಿ ಎಂದು ಕರೆಯುತ್ತಿದ್ದಾರೆ. “ನಿಮ್ಮಪ್ಪ ಮಿಲ್ಲಿನ ಮುಷ್ಕರದಲ್ಲಿ ಕೆಲಸ ಕಳೆದುಕೊಂಡದ್ದು ಸಾಲದೇ?” ಎಂದು ಅಮ್ಮ ಅಳುತ್ತಾರೆ. ಇದು ಒಂದು ವೃತ್ತಿಯೇ? ಸಂಬಳ ಎಲ್ಲಿಂದ ಬರುತ್ತದೆ? ನಾನು ಕೆಲಸ ಬಿಡಬೇಕೇ? (ಹೆಸರು ಬೇಡ, ಬೆಂಗಳೂರು)

ಉತ್ತರ: ಸದ್ಯಕ್ಕೆ ಕೆಲಸ ಬಿಡಬೇಡಿ. ಸಂಘಕ್ಕೆ ಸೇರಬೇಡಿ ಎಂದು ನಾನು ಹೇಳುತ್ತಿಲ್ಲ. ಸಂಘಕ್ಕೆ ನಿಮ್ಮಿಂದ ಹೆಚ್ಚು ಪ್ರಯೋಜನವಾಗಬೇಕಾದರೆ ನೀವು ಇನ್ನೂ ಕೆಲವು ವರ್ಷ ಮಷೀನಿನ ಮುಂದೆಯೇ ಇರಬೇಕು ಎನ್ನುತ್ತಿದ್ದೇನೆ.

ಇದಕ್ಕೆ ಕಾನೂನಿನ ಕಾರಣವೊಂದಿದೆ. ಸಂಘಟಿತ ವಲಯದ ನೋಂದಾಯಿತ ಸಂಘದಲ್ಲಿ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಮಾತ್ರ ಹೊರಗಿನವರು, ಅಂದರೆ ಆ ಉದ್ಯಮದಲ್ಲಿ ಕೆಲಸದಲ್ಲಿಲ್ಲದವರು, ಆಗಿರಬಹುದು. 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ 2001ರಲ್ಲಿ ತಂದ ಈ ತಿದ್ದುಪಡಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ನಿವೃತ್ತರಾದವರನ್ನು ಮತ್ತು ಮಾಲೀಕರೇ ಹೆಚ್ಚುವರಿ ಎಂದು ಕೆಲಸದಿಂದ ತೆಗೆದವರನ್ನು ಕಾನೂನು ಹೊರಗಿನವರೆಂದು ಎಣಿಸುವುದಿಲ್ಲ. ತಾವಾಗಿಯೇ ರಾಜೀನಾಮೆ ಕೊಟ್ಟವರಿಗೆ ಆ ವಿನಾಯಿತಿ ಇಲ್ಲ. ಅಂದರೆ ಇಂದು ನೀವು ರಾಜೀನಾಮೆ ಬರೆದುಕೊಟ್ಟರೆ, ಒಂಬತ್ತು ವರ್ಷ ದುಡಿದ ಜಾಗಕ್ಕೆ ನಾಳೆ ಹೊರಗಿನವರಾಗುತ್ತೀರಿ ಮತ್ತು ಪದಾಧಿಕಾರಿಯಾಗಬೇಕಾದರೆ ಆ ಕೆಲವೇ ಸ್ಥಾನಗಳಿಗಾಗಿ ಕಾಯಬೇಕಾಗುತ್ತದೆ.

ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. ಓವರ್‌ಟೈಮ್ ಹಣ ಬಂದಿಲ್ಲವೆಂಬುದು ನಿಮಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ. ಅದೇ ಲೈನಿನಲ್ಲಿ ಕೂತು, ಟಾರ್ಗೆಟ್ ಮುಗಿಯದೆ ಎಷ್ಟು ದಿನ ಎಷ್ಟು ಹೊತ್ತು ನಿಲ್ಲಿಸಿಕೊಂಡರೆಂದು ಕಣ್ಣಾರೆ ಕಂಡದ್ದರಿಂದ. ಸಂಘದ ಕೆಲಸವೆಂದರೆ ಧ್ವಜ, ಘೋಷಣೆ, ಭಾಷಣ ಎಂದು ಹೊರಗಿನ ಜನ ತಿಳಿಯುತ್ತಾರೆ. ನಾನು ಕಂಡಂತೆ ಅದರ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದು, ಉಳಿದದ್ದರಲ್ಲಿ ಹೆಚ್ಚಿನದು ಕಾಗದ ಬರೆಯುವುದು. ಪೇ ಸ್ಲಿಪ್ ಒಂದನ್ನೇ ತೆಗೆದುಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿದರೆ ಆ ವರ್ಷದ ಕನಿಷ್ಠ ವೇತನಕ್ಕೆ ಸರಿಹೊಂದುತ್ತದೆಯೇ, ಭವಿಷ್ಯ ನಿಧಿಗೆ ಹಿಡಿದ ಶೇಕಡಾ 12 ನಿಮ್ಮ ಖಾತೆಗೆ ನಿಜವಾಗಿ ಜಮೆಯಾಗಿದೆಯೇ, ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಶೇಕಡಾ 0.75ಕ್ಕಿಂತ ಹೆಚ್ಚು ಕಡಿತವಾಗಿದೆಯೇ, ಹೆಚ್ಚುವರಿ ಗಂಟೆಗಳಿಗೆ ದುಪ್ಪಟ್ಟು ದರ ಹಾಕಿದ್ದಾರೆಯೇ ಅಥವಾ ಬೇರೊಂದು ದಿನ ರಜೆ ಕೊಟ್ಟು ಕೈತೊಳೆದುಕೊಂಡಿದ್ದಾರೆಯೇ, ಇವನ್ನೆಲ್ಲ ಊಟದ ಅರ್ಧ ಗಂಟೆಯಲ್ಲಿ ಡಬ್ಬಿ ಬಿಚ್ಚಿಕೊಂಡೇ ನೋಡಿ ಪಕ್ಕದವಳಿಗೆ ತಿಳಿಯುವಂತೆ ಹೇಳಬಲ್ಲವಳೇ ನಾಯಕಿ. ಆ ಕೆಲಸವನ್ನು ನೀವು ಈಗಾಗಲೇ ಆರಂಭಿಸಿದ್ದೀರಿ.

ಸಂಬಳದ ಮಾತು. ಸಂಘ ತನ್ನ ನಿಧಿಯಿಂದ ಪದಾಧಿಕಾರಿಗಳಿಗೆ ಸಂಬಳ, ಭತ್ಯೆ ಕೊಡಬಹುದೆಂದು 1926ರ ಕಾಯ್ದೆಯೇ ಸ್ಪಷ್ಟವಾಗಿ ಹೇಳಿತ್ತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ನಿಧಿ ತುಂಬುವುದು ಸದಸ್ಯರ ವಂತಿಗೆಯಿಂದ. ಗಾರ್ಮೆಂಟ್ಸ್ ಹೆಂಗಸೊಬ್ಬಳು ತಿಂಗಳ ಕೊನೆಯಲ್ಲಿ ಪರ್ಸಿನ ಮೂಲೆಯಿಂದ ಮಡಿಸಿದ ನೋಟು ತೆಗೆದು ಕೊಡುವಾಗ ಅವಳ ಮುಖವನ್ನು ಒಮ್ಮೆ ನೋಡಿ. ಆ ಹಣದಿಂದ ನಿಮ್ಮ ಮನೆಯ ಬಾಡಿಗೆ ಕಟ್ಟುವ ದಿನ ಬಂದಾಗ ನಿಮಗೆ ಸಿಗುವುದು ಈಗಿನ ಸಂಬಳಕ್ಕಿಂತ ಕಡಿಮೆಯೇ ಇರಬಹುದು, ಕೆಲವು ತಿಂಗಳು ತಡವಾಗಿಯೂ ಬರಬಹುದು. ಆದ್ದರಿಂದ ನಿಮ್ಮನ್ನು ಕರೆಯುತ್ತಿರುವವರನ್ನು ಮೂರು ವಿಷಯ ನೇರವಾಗಿ ಕೇಳಿ: ವಂತಿಗೆ ಕಟ್ಟುವ ಸದಸ್ಯರು ಎಷ್ಟು ಜನ, ಕಳೆದ ವರ್ಷದ ಲೆಕ್ಕಪರಿಶೋಧನೆಯಾದ ವರದಿ ಎಲ್ಲಿದೆ, ನಿಮಗೆ ಭವಿಷ್ಯ ನಿಧಿ ಕಟ್ಟುತ್ತಾರೆಯೇ. ಲೆಕ್ಕ ತೋರಿಸಲು ಹಿಂಜರಿಯುವ ಸಂಘಕ್ಕೆ ಹೋಗಬೇಡಿ, ಅದರ ಬಾವುಟದ ಬಣ್ಣ ಯಾವುದೇ ಇರಲಿ. ಮಾಲೀಕರು ಮುರಿಯಲಾಗದ ಸಂಘಗಳು ರಸೀದಿ ಪುಸ್ತಕದ ಜಗಳದಿಂದ ಒಡೆದದ್ದನ್ನು ನಾನು ಕಣ್ಣೆದುರಿಗೇ ಕಂಡಿದ್ದೇನೆ. ಹತ್ತು ರೂಪಾಯಿ ಕೊಟ್ಟವಳಿಗೂ ರಸೀದಿ ಹರಿದುಕೊಡುವುದು ಅವಳಿಗೆ ನೀವು ಸಲ್ಲಿಸುವ ಮೊದಲ ಗೌರವ.

ಅಮ್ಮನ ಅಳಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಷ್ಕರ ಬೀಳುವುದು ಮನೆಯ ಒಲೆಯ ಮೇಲೆ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಗಳಾದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಕಾಯಂ ನೌಕರಿಯಿದ್ದ ಆ ಮನೆಗಳಲ್ಲೇ ದಿನಸಿ ಅಂಗಡಿಯ ಸಾಲ ಬೆಳೆದಿತ್ತೆಂದರೆ ದಿನದ ಟಾರ್ಗೆಟ್ಟಿನ ಮೇಲೆ ಬದುಕುವವರ ಪಾಡು ಊಹಿಸಿಕೊಳ್ಳಿ. ಇನ್ನೊಂದೆಡೆ 2016ರ ಏಪ್ರಿಲ್ 18 ಮತ್ತು 19ರಂದು, ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ನಿಮ್ಮಂಥ ಸಾವಿರಾರು ಹೆಂಗಸರು ಯಾವ ಸಂಘದ ಕರೆಯೂ ಇಲ್ಲದೆ ಇದೇ ಊರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಎರಡನೆಯ ದಿನವೇ ನಿಯಮ ಹಿಂತೆಗೆದುಕೊಂಡಿತು. ಅದು ನನಗೆ ಇಂದಿಗೂ ಹೆಮ್ಮೆಯ ನೆನಪು. ಆದರೆ ಲಾಠಿ, ಬಂಧನಗಳೂ ಆದವು. ಠಾಣೆಯ ಮುಂದೆ ಕಾಯಲು, ವಕೀಲರನ್ನು ಹುಡುಕಲು ಊರಿನಲ್ಲಿ ಬೇರುಬಿಟ್ಟ ಸಂಘ ಬೇಕೆಂಬುದು ಅರಿವಾಗುವುದು ಇಂಥ ಹೊತ್ತಿನಲ್ಲೇ.

ಈಗಿನ ಕಾನೂನನ್ನಂತೂ ನೀವು ಚೆನ್ನಾಗಿ ಓದಿಕೊಳ್ಳಬೇಕು. ಮೇಲೆ ಹೇಳಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ 14 ದಿನಗಳ ನೋಟಿಸ್ ಇಲ್ಲದೆ ಯಾವ ಉದ್ಯಮದಲ್ಲೂ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸಲಾಗುತ್ತದೆ. ಸಿಟ್ಟಿನ ಭರದಲ್ಲಿ “ನಾಳೆ ಯಾರೂ ಬರಬೇಡಿ” ಎಂದು ಒಂದು ಮಾತು ಆಡಿದರೂ ಅದರ ದಂಡ ತೆರುವವರು ನಿಮ್ಮನ್ನು ನಂಬಿದವರು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು, ಅದರಲ್ಲಿ ಹೆಂಗಸರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯವೂ ಬೇಕು. ಮೊದಲು ಆ ಸಮಿತಿಗೆ ಬನ್ನಿ. ಸಂಘದ ಪದಾಧಿಕಾರಿಯಾದ ಮೇಲೆ “ರಕ್ಷಿತ ಕಾರ್ಮಿಕ”ರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಲು ಕೇಳಿ; ವಿವಾದವೊಂದು ವಿಚಾರಣೆಯಲ್ಲಿರುವಾಗ ಅಂಥವರನ್ನು ಅನುಮತಿಯಿಲ್ಲದೆ ವಜಾ ಮಾಡುವಂತಿಲ್ಲ. ಇದನ್ನು ಅಮ್ಮನಿಗೂ ತಿಳಿಸಿ ಹೇಳಿ.

ಪ್ರಶ್ನೆ: ನನ್ನ ಮಗ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಕಂಪನಿಯ ಎಚ್‌ಆರ್ ನೌಕರಿ ಬೇಡ, ಕಾರ್ಮಿಕ ಸಂಘದಲ್ಲೇ ದುಡಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕಾರ್ಖಾನೆಯ ಮುಖವನ್ನೇ ಕಾಣದವನನ್ನು ಕಾರ್ಮಿಕರು ನಂಬುತ್ತಾರೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ನಂಬುತ್ತಾರೆ, ಆದರೆ ನಿಧಾನವಾಗಿ. 1918ರ ಏಪ್ರಿಲ್‌ನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ ಬಿ.ಪಿ. ವಾಡಿಯಾ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದವರು, ಮಿಲ್ಲಿನ ಕೆಲಸಗಾರರಲ್ಲ. ಮದ್ರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಬಟ್ಟೆ ಮಿಲ್ಲಿನ ಮಾಲೀಕರು ಅವರ ಮೇಲೆ ದಾವೆ ಹೂಡಿದ ನಂತರವೇ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ಕೂಗು ಬಲಗೊಂಡು 1926ರ ಕಾಯ್ದೆ ಬಂತು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿಗೆ ಹೋಗಿದ್ದವರು. ಅಲ್ಲಿಂದ ಹೊರಬಂದು, ಬೊಂಬಾಯಿಯಲ್ಲಿ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ’ಮೆಲ್ಲೊ ಅವರ ಗರಡಿಯಲ್ಲಿ ಪಳಗಿ, 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಮುಂದಾಳಾದರು.

ನಿಮ್ಮ ಮಗನ ಓದಿಗೆ ಸಂಘದಲ್ಲಿ ನಿಜವಾದ ಬೇಡಿಕೆಯಿದೆ. ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಕಾರ್ಮಿಕನ ಪರವಾಗಿ ಹಾಜರಾಗಲು ಸಂಘದ ಪದಾಧಿಕಾರಿಗೆ ಹಕ್ಕಿದೆ. ವಕೀಲರು ಹಾಜರಾಗಬೇಕಾದರೆ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಮಂಡಳಿಯ ಅನುಮತಿ ಬೇಕು. ಕಾನೂನು ಪದವಿಯೂ ಇದ್ದರೆ ಒಳ್ಳೆಯದು. ನೊಯಿಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಸಂಘದ ಮುಂದಾಳುಗಳಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ಆದರೆ ಮೊದಲ ಎರಡು ವರ್ಷ ಅವನು ವೇದಿಕೆ ಹತ್ತದೆ, ಅರ್ಜಿ ಬರೆದುಕೊಡುತ್ತ, ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ಕಾರ್ಮಿಕರ ಜೊತೆ ನಿಲ್ಲುತ್ತ ಕಳೆಯಲಿ. ಅದಕ್ಕೆ ತಾಳ್ಮೆ ಇದ್ದರೆ ಅವನನ್ನು ತಡೆಯಬೇಡಿ.

ಪ್ರಶ್ನೆ: ನಾನು ಊಟ ತಲುಪಿಸುವ ಆ್ಯಪಿನ ಡೆಲಿವರಿ ಹುಡುಗ. ನಮ್ಮ ಏರಿಯಾದ ಇನ್ನೂರು ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ನಾನೇ ಅಡ್ಮಿನ್. ಇದು ಸಂಘವಾಗುತ್ತದೆಯೇ? (ಓದುಗರು, ಮೈಸೂರು)

ಉತ್ತರ: ಇನ್ನೂ ಆಗಿಲ್ಲ. ಸಂಘಕ್ಕೆ ನಿಯಮಾವಳಿ, ಸದಸ್ಯರ ಪಟ್ಟಿ, ಬ್ಯಾಂಕ್ ಖಾತೆ, ಚುನಾಯಿತ ಪದಾಧಿಕಾರಿಗಳು ಬೇಕು. ಅಡ್ಮಿನ್ನನ್ನು ಯಾರೂ ಆರಿಸಿರುವುದಿಲ್ಲ. ನಿಮ್ಮಂಥವರಿಗಾಗಿ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ನಿಮಗೆ ಸಲ್ಲುವ ಮೊತ್ತದ ಶೇಕಡಾ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಆ್ಯಪಿನಲ್ಲಿ ನಿಮ್ಮ ಐಡಿ ರದ್ದು ಮಾಡಿ ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ, 14 ದಿನಗಳ ನೋಟಿಸ್ ಕೊಡಬೇಕು. ಐಡಿ ಬಂದ್ ಆದ ಹುಡುಗರ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಸಹಿತ ಕೂಡಿಡಿ. ಬಿಡುವಿನ ಮಧ್ಯಾಹ್ನವೊಂದರಲ್ಲಿ ಹದಿನೈದು ಜನರನ್ನಾದರೂ ಮುಖತಃ ಸೇರಿಸಿ, ಮಾತಾಡಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಬಂದವರೆಲ್ಲರ ಸಹಿ ಹಾಕಿಸಿಕೊಳ್ಳಿ.